ಗೂಡು ಮತ್ತು ಬಯಲು

"ನೀನೂ ಕನ್ನಡದವನು ತಾನೇ? ಹಾಗಾದ್ರೆ ಲೇಬಲ್ಲೆಲ್ಲ ಕನ್ನಡದಲ್ಲೇ ಬರೀತೀನಿ. ಬೇರೆ ಯಾರೂ ನನ್ನ ಸ್ಯಾಂಪಲ್ ಮುಟ್ಟಲ್ಲ."

ದಾವಣಗೆರೆಯ ಧರಣಿ ನಗುತ್ತಾ ಕೇಳಿದಾಗ ಲೋಗನಾಥನ್ ತಲೆಯಾಡಿಸಿಬಿಟ್ಟ. ಎಡವಟ್ಟಾದದ್ದೇ ಅಲ್ಲಿ. ತಮಿಳು ಸೀಮೆಯ ಕಿಣತ್ತುಕಡವಿನ ಅವನ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಆದರೆ ಓದಲು ಅವನ ಅಜ್ಜನಿಗೂ ಬಾರದು. ಆ ಕಣ್ಣುಗಳ ಎದುರು ನಿಂತು 'ಬರಲ್ಲ' ಎನ್ನುವುದಾದರೂ ಹೇಗೆ?

ಪೀಳಮೇಡಿನ ಆ ಲ್ಯಾಬಿನಲ್ಲಿ ಅವಳದು ಎರಡು ಬಾಟಲಿ. ಎರಡರಲ್ಲೂ ಒಂದೇ ಥರದ ಕಪ್ಪು ಪುಡಿ, ಇದ್ದಿಲಿನ ಮೇಲೆ ಕೂರಿಸಿದ ಪಲ್ಲಾಡಿಯಂ. ಸಾಧಾರಣ ಇದ್ದಿಲಿಗೆ ಅವಳು 'ಬಯಲು' ಎಂದು ಹೆಸರಿಟ್ಟಿದ್ದಳು. ಮೂರು ತಿಂಗಳು ಒದ್ದಾಡಿ ತಾನೇ ಮಾಡಿದ, ನ್ಯಾನೋ ರಂಧ್ರಗಳ ಇದ್ದಿಲಿಗೆ 'ಗೂಡು'.

"ಲೋಹ ಎರಡರಲ್ಲೂ ಅದೇ. ಬಯಲಲ್ಲಿ ಕಣಗಳು ಅಂಟಿಕೊಂಡು ಮುದ್ದೆಯಾಗ್ತವೆ. ಗೂಡು ಸಿಕ್ಕಿದ್ರೆ ಚಿಕ್ಕದಾಗೇ ಉಳಿದು ಬೇರೆ ಅಣುಗಳಿಗೆ ಹೈಡ್ರೋಜನ್ನನ್ನ ಬೇಗ ಸೇರಿಸ್ತವೆ," ಎಂದು ಅವನಿಗೆ ವಿವರಿಸಿದ್ದಳು.

ಅವಳು ರಜೆ ಹಾಕಿದ ದಿನ ಪ್ರಯೋಗ ನಡೆಸಿದವನು ಲೋಗನಾಥನ್. ಅವಳನ್ನು ಕೇಳೋಣವೆಂದರೆ ಹೈಡ್ರೋಜನ್ ಕೋಣೆಗೆ ಫೋನ್ ಒಯ್ಯುವಂತಿಲ್ಲ. ಲೇಬಲ್ ನೋಡಿದ, ಬೆವರಿದ, ಯಾವುದು ಗೂಡು, ಯಾವುದು ಬಯಲು ಎಂದು ಊಹಿಸಿದ.

ಫಲಿತಾಂಶದಲ್ಲಿ ಬಯಲು ಗೆದ್ದಿತ್ತು. ಗೈಡ್ ಜಯರಾಮನ್ ಎಲ್ಲರೆದುರು, "ಈ ಗೂಡಿನ ಇದ್ದಿಲು ಬೇಡಮ್ಮಾ, ಬಿಟ್ಟುಬಿಡು," ಎಂದರು. ಧರಣಿ ತಲೆ ತಗ್ಗಿಸಿ ನಿಂತಳು. ಊಹೆ ತಪ್ಪಿದ್ದು ಲೋಗನಾಥನಿಗೆ ಗೊತ್ತಾಯಿತು. ಭೂಮಿ ಬಾಯ್ಬಿಡಬಾರದೇ ಎನಿಸಿತು.

ಅವಳು ಗೂಡಿನ ಬಾಟಲಿಯನ್ನು ಎಸೆಯಲು ಹೊರಟಾಗ ಅವನು ಅಡ್ಡ ನಿಂತ.

"ತಪ್ಪು ನಂದು. ಬಾಟ್ಲಿ ಮಾತ್ಬಿಟ್ಟೆ, ಅದಲು ಬದಲು ಆಯ್ತು. ನಂಗೆ ಕನ್ನಡ ಎಳುತ್ತು, ಅಕ್ಷರ, ಬರಾದಿಲ್ಲ ಧರಣಿ. ಮಾತು ಮಟ್ಟುಂದಾನ್, ಅಷ್ಟೇ."

"ಮತ್ತೆ ಯಾಕೆ ತಲೆಯಾಡಿಸಿದೆ?"

"ನೀ ನಗ್ತಾ ಕೇಳ್ದೆ. ಇಲ್ಲ ಅನ್ನಕ್ಕೆ ವೆಕ್ಕ ಆಯ್ತು."

ನಾಚಿಕೆಗೆ ಅವನ ಮನೆಯ ಮಾತು ಅದು. ಧರಣಿ ನಗಲಿಲ್ಲ. "ಇದನ್ನ ಸಾರ್ ಹತ್ರ ಹೇಳು. ಎಲ್ಲರ ಎದುರಿಗೆ."

ಹೇಳಿದ. ಲ್ಯಾಬೆಲ್ಲ ನಕ್ಕಿತು. ಮತ್ತೆ ಪ್ರಯೋಗ ಮಾಡಿದಾಗ ಬಯಲು ತೆಗೆದುಕೊಂಡ ಸಮಯದ ಕಾಲುಭಾಗದಲ್ಲೇ ಗೂಡು ಕೆಲಸ ಮುಗಿಸಿತು. ಆದರೂ ಧರಣಿ ವಾರವಿಡೀ ಮಾತಾಡಲಿಲ್ಲ. ಅವನು ದಿನವೂ ಬಸ್ಸಿನಲ್ಲಿ ಕನ್ನಡ ಅಕ್ಷರಮಾಲೆ ಹಿಡಿದು ಕುಳಿತ. ಕೆಟ್ಟ ಮೇಲೆ ಬುದ್ಧಿ ಬಂದಿತ್ತು.

ಸೋಮವಾರ ಅವಳು ಬಂದು ಅವನ ಲ್ಯಾಬ್ ಕೋಟಿನ ಜೇಬಿನ ಮೇಲೆ ಒಂದು ಲೇಬಲ್ ಅಂಟಿಸಿದಳು.

"ಓದು. ಊಹಿಸಿದ್ರೆ ಕೊಲ್ತೀನಿ."

ಅವನು ಕತ್ತು ಬಗ್ಗಿಸಿ, ತಲೆಕೆಳಗಾಗಿ ಕಂಡ ಅಕ್ಷರಗಳನ್ನು ಕೂಡಿಸಿದ. "ಗೂ... ಡು." ಗಾಬರಿಯಾಯಿತು. "ಇದು ಬಾಟ್ಲಿದಲ್ವಾ? ನೀ ತಪ್ಪಾಗಿ ಅಂಟಿಸ್ಬಿಟ್ಟೆ."

"ಲೇಬಲ್ ತಪ್ಪೋದು ನೀನು, ನಾನಲ್ಲ," ಎಂದಳು ಧರಣಿ. ಜೇಬಿನ ಮೇಲಿಂದ ಕೈ ತೆಗೆಯಲಿಲ್ಲ.