ಗರ್ರೆನ್ನುವ ಕೆಂಪು ಡಬ್ಬಿ

“ಕಣ್ಣು ಮುಚ್ಚು ಅಕ್ಕಾ! ಕದ್ದು ನೋಡ್ಬೇಡ ಮತ್ತೆ!”

ಅಕ್ಕ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಬಾಲಂಗೋಚಿ ಬೆನ್ನ ಹಿಂದೆ ಬಚ್ಚಿಟ್ಟಿದ್ದ ಕೆಂಪು ಡಬ್ಬಿಯನ್ನು ಅವಳ ಕಾಲ ಬಳಿ ಇಟ್ಟು, ವೈರುಗಳನ್ನು ತಾನೇ ಸಿಕ್ಕಿಸಿದಳು. ಸದಾ ಅಕ್ಕನ ಹಿಂದೆ ಮುಂದೆ ಸುತ್ತುತ್ತಾಳೆಂದು ಮನೆಯವರು ತಂಗಿಗೆ ಇಟ್ಟ ಹೆಸರು ಬಾಲಂಗೋಚಿ. ಐದನೇ ಕ್ಲಾಸಿಗೆ ಬಂದರೂ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ.

“ಹ್ಞಾಂ, ಈಗ ನುಡಿಸು!”

ಆ ಡಬ್ಬಿಯನ್ನು ಕಾಲಿನಿಂದ ಒತ್ತಿ ಗಿಟಾರ್ ಮೀಟಿದರೆ ಸ್ಪೀಕರಿನಿಂದ ಗರ್ರ್ ಎಂದು ಸದ್ದು ಬರಬೇಕು. ಹೆವಿ ಮೆಟಲ್ ಹಾಡುಗಳಲ್ಲಿ ಬರುತ್ತದಲ್ಲ, ಕಿಟಕಿಯ ಗಾಜೂ ನಡುಗುವಂಥ ಸದ್ದು, ಅದು. ಹೈಸ್ಕೂಲಿನಿಂದ ಬಂದವಳೇ ಅಕ್ಕ ದಿನಾ ಅರ್ಧ ಗಂಟೆ ಅದನ್ನೇ ನುಡಿಸುತ್ತಿದ್ದಳು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದ ಅಮ್ಮ, “ನನ್ನ ಕಿವಿ ತೂತು ಬೀಳತ್ತೆ ಕಣೇ!” ಎಂದು ಬಾಗಿಲು ಬಡಿಯುತ್ತಿದ್ದಳು.

ಇವತ್ತು ಗರ್ರ್ ಅನ್ನಲಿಲ್ಲ. ಟಿಂಗ್ ಎಂದಿತು. ತಣ್ಣಗೆ, ಚೊಕ್ಕವಾಗಿ.

“ಹೇಗಿದೆ? ಒಡಕು ಸದ್ದೆಲ್ಲ ಹೋಯ್ತು! ನಾನೇ ಅಪ್ಪನ ಹತ್ರ ರಿಪೇರಿ ಮಾಡಿಸ್ದೆ!” ಬಾಲಂಗೋಚಿ ಕುಣಿದಳು.

ಅಪ್ಪನ ಅಂಗಡಿ ಮನೆಯ ಕೆಳಗೇ ಇತ್ತು. ರೇಡಿಯೊ, ಮೈಕು, ಸ್ಪೀಕರು, ಯಾವುದರಲ್ಲಿ ಎಂಥ ಒಡಕು ಸದ್ದು ಬಂದರೂ ಅಪ್ಪ ಸರಿ ಮಾಡುತ್ತಿದ್ದ. ಡಬ್ಬಿ ಬಿಚ್ಚಿ ನೋಡಿದವನೇ, “ಈ ಎರಡು ಡಯೋಡ್ ಸೇರ್ಕೊಂಡು ಸದ್ದನ್ನೇ ಕತ್ತರಿಸಿ ಹಾಕ್ತಿವೆ. ಯಾವ ಪುಣ್ಯಾತ್ಮ ಜೋಡಿಸಿದ್ನೋ!” ಎಂದು ಅಕ್ಕಿಕಾಳಿನಷ್ಟು ಚಿಕ್ಕ ಎರಡು ಚೂರುಗಳನ್ನು ಕಿತ್ತು ಬಿಸಾಡಿದ್ದ.

ಅಕ್ಕ ಡಬ್ಬಿಯನ್ನು ಮತ್ತೆ ಒತ್ತಿದಳು. ಟಿಂಗ್. ಅವಳ ಮುಖ ಕೆಂಪಾಯಿತು.

“ನಿ... ನಿನ್ನ ಯಾರು ಕೇ... ಕೇಳಿದ್ರು?” ಅಕ್ಕನಿಗೆ ಮಾತು ತಡವರಿಸುತ್ತಿತ್ತು. ಸಿಟ್ಟು ಬಂದರೆ ಇನ್ನೂ ಜಾಸ್ತಿ. “ಹೋ... ಹೋಗು ಆಚೆ!”

ಬಾಗಿಲು ದಢಾರನೆ ಮುಚ್ಚಿತು. ಅಕ್ಕ ಅವಳನ್ನು ಹೀಗೆ ಹೊರಗೆ ಹಾಕಿದ್ದು ಇದೇ ಮೊದಲು. ಬಾಲಂಗೋಚಿ ಅಲ್ಲೇ ನೆಲದ ಮೇಲೆ ಕುಳಿತು ಅತ್ತಳು. “ನಿಂಗೆ ಖುಷಿಯಾಗ್ಲಿ ಅಂತ ಮಾಡ್ದೆ ಅಕ್ಕಾ...”

ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಅಕ್ಕ ಬಂದು ಪಕ್ಕದಲ್ಲಿ ಕುಳಿತಳು. ಅವಳ ಕಣ್ಣೂ ಊದಿತ್ತು.

“ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡು.”

“ಪ್ರಾಮಿಸ್.”

“ಕ್ಲಾಸಲ್ಲಿ ಪಾ... ಪಾಠ ಓದಿಸ್ತಾರೆ. ನಾನು ಎದ್ದು ನಿಂತ್ರೆ ಸಾಕು, ಹಿಂದಿನ ಬೆಂಚಿನವ್ರು ನನ್ನ ಥರಾನೇ ತ... ತಡವರಿಸಿ ತೋರಿಸ್ತಾರೆ. ಎಲ್ರೂ ನಗ್ತಾರೆ. ಬೈಯೋಣ ಅಂದ್ರೆ ನಂಗೆ ಮಾತೇ ಹೊರಡಲ್ಲ. ಮನೆಗೆ ಬಂದು ಇದನ್ನ ನುಡಿಸಿದ್ರೆ, ನನ್ನ ಬದಲು ಇದು ಕೂ... ಕೂಗತ್ತೆ. ಹಾಡು ಮುಗಿಯೋ ಹೊತ್ತಿಗೆ ಹೊಟ್ಟೆಯೊಳಗಿನ ಉರಿ ಆರಿರತ್ತೆ. ಆಗ, ಸರಿ, ನಾಳೆ ಒಂದಿನ ಹೋಗೋಣ ಅನ್ಸತ್ತೆ.”

“ಈಗ?”

“ಈಗ ಹೋ... ಹೋಗಲ್ಲ. ನಾಳೆನೂ ಇಲ್ಲ, ನಾಡಿದ್ದೂ ಇಲ್ಲ.”

ಬಾಲಂಗೋಚಿ ಎದ್ದು ರೂಮಿಗೆ ನುಗ್ಗಿದಳು. ಡಬ್ಬಿಯನ್ನು ಅವಚಿಕೊಂಡು ದಡದಡ ಮೆಟ್ಟಿಲಿಳಿದಳು.

“ಅಪ್ಪಾ, ಇದನ್ನ ಮೊದ್ಲಿನ ಥರ ಹಾಳು ಮಾಡಿ ಕೊಡು!”

ಅಪ್ಪ ಕನ್ನಡಕವನ್ನು ಹಣೆಗೇರಿಸಿದ. “ಇಷ್ಟು ವರ್ಷದಲ್ಲಿ ಇಂಥ ಗಿರಾಕಿ ಬಂದಿರ್ಲಿಲ್ಲ ನೋಡು! ತಲೆ ಕೆಟ್ಟಿದ್ಯೇನೇ?”

“ಅಕ್ಕಂಗೆ ಆ ಸದ್ದೇ ಬೇಕು. ಯಾಕೆ ಅಂತ ಕೇಳ್ಬೇಡ, ಪ್ರಾಮಿಸ್ ಮಾಡಿದ್ದೀನಿ.” ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಮತ್ತೆ ಅಳು ಬಂತು.

ಅಪ್ಪ ಅವಳ ಮುಖವನ್ನೇ ನೋಡಿದ. ತಮಾಷೆ ನಿಲ್ಲಿಸಿದ. ಡಯೋಡುಗಳ ಡ್ರಾಯರನ್ನೇ ಎಳೆದು ಕಂಕುಳಿಗೆ ಸಿಕ್ಕಿಸಿಕೊಂಡು, ಬೆಸುಗೆಯ ಸಾಮಾನು ಹಿಡಿದು ಮೇಲೆ ಬಂದ.

ಅಕ್ಕನ ರೂಮಿನ ನೆಲದ ಮೇಲೆ ಕುಳಿತು ಡಬ್ಬಿ ಬಿಚ್ಚಿದ. “ತಪ್ಪಾಯ್ತು ಮಗಳೇ. ಹಾಳಾಗಿದೆ ಅನ್ಕೊಂಡೆ. ಯಾವ ಸದ್ದು ಬೇಕು ಅಂತ ನೀನೇ ಹೇಳ್ಬೇಕು, ನಂಗೆ ಗೊತ್ತಾಗಲ್ಲ.”

ಚಿಮುಟದಲ್ಲಿ ಎರಡು ಡಯೋಡ್ ಹಿಡಿದು ಜಾಗಕ್ಕೆ ಒತ್ತಿದ. ಅಕ್ಕ ಮೀಟಿದಳು.

“ಅಲ್ಲ.”

ಬೇರೆ ಜೋಡಿ ಇಟ್ಟ. ಸೊಳ್ಳೆ ಗುಂಯ್‌ಗುಟ್ಟಿದಂತಾಯಿತು. ಮೂವರಿಗೂ ನಗು ತಡೆಯಲಾಗಲಿಲ್ಲ.

“ಇನ್ನೂ ಒ... ಒರಟಾಗಿ ಬೇಕು ಅಪ್ಪಾ.”

ಐದನೇ ಜೋಡಿಗೆ ಸ್ಪೀಕರು ಗರ್ರ್ ಎಂದು ಗರ್ಜಿಸಿತು. ಅಪ್ಪ ಕುಳಿತಲ್ಲೇ ಬೆಚ್ಚಿಬಿದ್ದ. “ಇದೇ!” ಎಂದಳು ಅಕ್ಕ, ಒಂದು ಚೂರೂ ತಡವರಿಸದೆ.

ಅಪ್ಪ ಬೆಸುಗೆ ಹಾಕಿದ. “ಈಗ ಪೂರ್ತಿ ಹಾಡು ನುಡಿಸು.”

ಅಕ್ಕ ನುಡಿಸಿದಳು. ಅಪ್ಪ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕುಳಿತವನಂತೆ ಮುಖ ಕಿವುಚಿದ. ಆದರೂ ಎದ್ದು ಹೋಗಲಿಲ್ಲ, ಕಿವಿಯನ್ನೂ ಮುಚ್ಚಲಿಲ್ಲ. ಹಾಡು ಸಾಗಿದಂತೆ ಅಕ್ಕನ ಬಿಗಿದ ಭುಜಗಳು ನಿಧಾನವಾಗಿ ಇಳಿದವು. ಮುಗಿದಾಗ ಅವಳು ಉದ್ದನೆಯ ಉಸಿರು ಬಿಟ್ಟಳು.

“ಅಪ್ಪಾ, ನಾ... ನಾಳೆ ಶಾ... ಶಾ...”

ಮಾತು ಅಲ್ಲೇ ಸಿಕ್ಕಿಕೊಂಡಿತು. ಹೀಗಾದಾಗಲೆಲ್ಲ ಬಾಲಂಗೋಚಿಯೇ ಪಟಕ್ಕನೆ ಮುಗಿಸಿಕೊಡುತ್ತಿದ್ದಳು. ಪಾಪ, ಅಕ್ಕನಿಗೆ ಕಷ್ಟವಾಗಬಾರದಲ್ಲ! ಈಗಲೂ ‘ಶಾಲೆಗೆ ಹೋಗಲ್ಲ’ ಎಂಬುದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತೆರೆದವಳು ಅಪ್ಪನತ್ತ ನೋಡಿದಳು. ಅಪ್ಪನಿಗೆ ಯಾವ ಅವಸರವೂ ಇರಲಿಲ್ಲ. ಅಕ್ಕನನ್ನೇ ನೋಡುತ್ತ ಸುಮ್ಮನೆ ಕುಳಿತಿದ್ದ. ಬಾಲಂಗೋಚಿ ಬಾಯಿ ಮುಚ್ಚಿಕೊಂಡಳು.

“...ಶಾ... ಶಾಲೆಗೆ ನನ್ನ ಜೊತೆ ಬರ್ತೀಯಾ? ಟೀಚರ್ ಹತ್ರ ನಾ... ನಾನೇ ಮಾತಾಡ್ತೀನಿ. ನೀನು ಪಕ್ಕದಲ್ಲಿದ್ರೆ ಸಾಕು.”

“ಬರ್ತೀನಿ ಮಗಳೇ,” ಎಂದ ಅಪ್ಪ.

ಬಾಲಂಗೋಚಿ ಪೆಚ್ಚಾದಳು. ಅಕ್ಕ ಹೇಳಬೇಕೆಂದಿದ್ದದ್ದು ಪೂರಾ ಬೇರೆಯೇ! ಇಷ್ಟು ದಿನ ತಾನು ಮುಗಿಸಿಕೊಟ್ಟ ಮಾತುಗಳಲ್ಲಿ ಅಕ್ಕನವು ಎಷ್ಟಿದ್ದವೋ?

“ನೀ... ನೀನೇನೋ ಹೇಳೋಕೆ ಹೊರಟಿದ್ದೆ ಅಲ್ವಾ?” ಅಕ್ಕ ಅವಳತ್ತ ತಿರುಗಿದಳು.

ಬಾಲಂಗೋಚಿ ಹತ್ತಿರ ಸರಿದು ಅಕ್ಕನ ಮಂಡಿಯ ಮೇಲೆ ಗಲ್ಲವಿಟ್ಟಳು.

“ಏನಿಲ್ಲ ಅಕ್ಕಾ. ನೀನು ಹೇಳು.”