ಮುಟ್ಟಬಾರದ ಕಿಂಡಿ

ಡಿಸೆಂಬರಿನಲ್ಲಿ ಮಳೆ ಬಂದರೆ ಮಂಗಳೂರಿನವರು ಮೊದಲ ದಿನ ನಗುತ್ತಾರೆ. ಎರಡನೆಯ ದಿನ ಎತ್ತಿಟ್ಟ ಕೊಡೆ ಹುಡುಕುತ್ತಾರೆ. ಮೂರನೆಯ ದಿನ ಯಾರೂ ನಗುವುದಿಲ್ಲ. ಅವತ್ತು ಮೂರನೆಯ ದಿನ. ಅರಬ್ಬಿ ಸಮುದ್ರದಲ್ಲಿ ಎದ್ದ ಚಂಡಮಾರುತ ಮುಂದಕ್ಕೂ ಹೋಗದೆ ದಡಕ್ಕೂ ಬಾರದೆ ಅಲ್ಲೇ ಸುತ್ತುತ್ತಿತ್ತು. ಶಾಲೆಗಳಿಗೆ ರಜೆ ಕೊಟ್ಟಿದ್ದರು. ಕೊಡಿಯಾಲ್‌ಬೈಲಿನಲ್ಲಿ ಬೆಳಿಗ್ಗೆ ಹತ್ತೂವರೆಗೇ ವಾಹನಗಳು ಹೆಡ್‌ಲೈಟ್ ಹಾಕಿಕೊಂಡು ಓಡುತ್ತಿದ್ದವು.

ಯಶ್ಮಿತಾ ಆಫೀಸಿನ ಮೂರನೆಯ ಮಹಡಿಯ ಕಿಟಕಿಯಿಂದ ಕೆಳಗೆ ನೋಡಿದಳು. ಗೇಟಿನ ಹತ್ತಿರ ನೀಲಿ ರೈನ್‌ಕೋಟ್ ಹಾಕಿ ಸ್ಕೂಟರಿನ ಮೇಲೆ ಕೂತವನನ್ನು ಗುರುತಿಸಲು ಅವಳಿಗೆ ಮುಖ ಕಾಣಬೇಕೆಂದಿರಲಿಲ್ಲ. ಒಂಬತ್ತು ದಿನಗಳಿಂದ ಒಂದೇ ಒಂದು ಮೆಸೇಜಿಗೂ ಉತ್ತರ ಕೊಡದ ಮಹಾಶಯ ಅವನು. ಅಮೃತ್.

ತಪ್ಪು ಅವಳದೇ. ಒಂಬತ್ತು ದಿನಗಳ ಹಿಂದೆ ಬಲ್ಮಠದಲ್ಲಿ ಇಬ್ಬರೂ ಒಂದೇ ಐಸ್‌ಕ್ರೀಮಿಗೆ ಎರಡು ಚಮಚ ಹಾಕಿಕೊಂಡು ಕೂತಿದ್ದಾಗ ಅವಳ ಸೋದರಮಾವ ಎದುರಿಗೆ ಬಂದು ನಿಂತುಬಿಟ್ಟರು. "ಇವರು ಯಾರು?" ಎಂದರು. "ನಮ್ಮ ಆಫೀಸಿಗೆ ಎಸಿ ಸರ್ವೀಸಿಗೆ ಬರುವವರು ಮಾವ" ಎಂದಳು ಯಶ್ಮಿತಾ, ಚಮಚ ಕೆಳಗಿಟ್ಟು.

ಹೇಳಿದ್ದು ಸುಳ್ಳಲ್ಲ. ಅದೇ ಕಷ್ಟ. ಅಮೃತ್ ಸಮುದ್ರ ದಡದ ಬೆಂಗ್ರೆಯ ಹುಡುಗ. ಮನೆಯಲ್ಲಿ ತಲೆತಲಾಂತರದಿಂದ ಮೀನುಗಾರಿಕೆ, ಇವನು ಮಾತ್ರ ಐಟಿಐ ಮುಗಿಸಿ ಎಸಿ ರಿಪೇರಿಗೆ ಇಳಿದವನು. ಎರಡು ವರ್ಷದ ಕೆಳಗೆ ಅವಳ ಮೇಜಿನ ಮೇಲೆ ಎಸಿ ತೊಟ್ಟಿಕ್ಕಿದಾಗ ಏಣಿ ಹಿಡಿದು ಬಂದಿದ್ದ. ಆಮೇಲೆ ತೊಟ್ಟಿಕ್ಕದಿದ್ದರೂ ಬರತೊಡಗಿದ. ಏಣಿಯ ಮೇಲಿಂದ ಅವನು ಕದ್ದು ನೋಡುವುದನ್ನು ಅವಳು ಕಂಪ್ಯೂಟರಿನ ಗಾಜಿನಲ್ಲಿ ಕದ್ದು ನೋಡುತ್ತಿದ್ದಳು. ಇಡೀ ಆಫೀಸಿಗೆ ಇದು ಗೊತ್ತಿತ್ತು. ಅವಳ ಮನೆಗೆ ಮಾತ್ರ ಗೊತ್ತಿರಲಿಲ್ಲ.

ಅವಳು ಮೆಟ್ಟಿಲಿಳಿದು ಓಡಿ ಬಂದಳು. ಬಯ್ಯಬೇಕೋ ಅಳಬೇಕೋ ತೀರ್ಮಾನವಾಗುವ ಮೊದಲೇ ಅವನು ಇನ್ನೊಂದು ರೈನ್‌ಕೋಟ್ ಚಾಚಿದ.

"ಹತ್ತು. ನಿನ್ನ ಪಪ್ಪನ ಹತ್ತಿರ ಮಾತಾಡ್ಲಿಕ್ಕೆ ಉಂಟು. ಈಗಲೇ."

"ಈಗಲಾ? ಈ ಮಳೆಯಲ್ಲಿ? ನೀನು ಹೀಗೆ ಒದ್ದೆ ಕೋಳಿ ಹಾಗೆ ಬಂದು ಹೆಣ್ಣು ಕೇಳಿದರೆ ಅವರು ಎಂತ ಹೇಳಿಯಾರು?"

"ಹೆಣ್ಣಿನ ವಿಷಯ ಅಲ್ಲ ಮಾರಾಯ್ತಿ. ಹಲಗೆಯ ವಿಷಯ."

ಯಶ್ಮಿತಾಳಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅವನ ತುಟಿಯ ಅಂಚಿನಲ್ಲಿ ಒಂದು ನಗು ಬಂದು, ಮುನಿಸು ನೆನಪಾಗಿ ಹಾಗೇ ಹಿಂದೆ ಹೋಯಿತು.

ಅವಳ ಮನೆ ವಾಮಂಜೂರಿನ ಆಚೆ, ಗದ್ದೆಗಳ ತಗ್ಗಿನಲ್ಲಿ. ಅಲ್ಲಿಯ ಸಣ್ಣ ಹೊಳೆ ಮುಂದೆ ಹೋಗಿ ಫಲ್ಗುಣಿ ನದಿಗೆ ಸೇರುತ್ತದೆ. ಹೊಳೆಗೊಂದು ಕಿಂಡಿ ಅಣೆಕಟ್ಟು. ಮಳೆಗಾಲದಲ್ಲಿ ಕಿಂಡಿಗಳನ್ನು ತೆರೆದಿಟ್ಟು, ನವೆಂಬರ್ ಕಳೆಯುತ್ತಲೇ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ, ಸುಗ್ಗಿಯ ಬೆಳೆಗೆ ನೀರು ನಿಲ್ಲಿಸುತ್ತಾರೆ. ಈ ವರ್ಷ ಹಲಗೆ ಹಾಕಿ ಎರಡು ವಾರವಾಗಿತ್ತು. ಇದನ್ನೆಲ್ಲ ಎಂದೋ ಅವಳೇ ಅವನಿಗೆ ಹೇಳಿದ್ದಳು.

"ಬೆಳಿಗ್ಗೆ ನನ್ನ ಅಪ್ಪ ಫೋನ್ ಮಾಡಿದ್ರು" ಎಂದ ಅಮೃತ್. "ಅಳಿವೆಬಾಗಿಲಿನಲ್ಲಿ ನದಿ ನೀರು ಸಮುದ್ರಕ್ಕೆ ಹೋಗ್ತಾ ಇಲ್ಲ. ಗಾಳಿ ಸಮುದ್ರವನ್ನು ಒಳಗೆ ತಳ್ತಾ ಉಂಟು. ಮೊನ್ನೆ ಅಮಾವಾಸ್ಯೆ. ಇವತ್ತು ಒಂದೂಕಾಲಿಗೆ ಪೂರ್ತಿ ಭರತ. ಆಗ ನದಿ ಹಿಂದಕ್ಕೆ ತಿರುಗ್ತದೆ. ಅಷ್ಟರೊಳಗೆ ಎಲ್ಲ ಕಿಂಡಿ ತೆಗೆದು ನೀರು ಇಳಿಸದಿದ್ದರೆ ದಂಡೆ ನಿಲ್ಲುವುದಿಲ್ಲ. ನೀನು ಎಂದೋ ಕೊಟ್ಟ ನಂಬರಿಗೆ ಮಾಡಿದೆ, ನಿನ್ನ ಪಪ್ಪನ ಫೋನ್ ಸ್ವಿಚ್ ಆಫ್."

ಅವಳೂ ಮಾಡಿ ನೋಡಿದಳು. ಸ್ವಿಚ್ ಆಫ್. ಊರಲ್ಲಿ ಕರೆಂಟ್ ಹೋಗಿ ಎರಡು ದಿನವಾಗಿತ್ತು.

ಸ್ಕೂಟರ್ ನಂತೂರು ದಾಟಿತು. ಕುಲಶೇಖರದ ಇಳಿಜಾರಿನಲ್ಲಿ ಕೆಂಪು ನೀರು ಟಾರಿನ ಮೇಲೆ ಅಡ್ಡಲಾಗಿ ಹರಿಯುತ್ತಿತ್ತು. ಸ್ಕೂಟರ್ ಜಾರಿದಾಗ ಅವಳು ಅವನ ಸೊಂಟ ಗಟ್ಟಿಯಾಗಿ ಹಿಡಿದಳು.

"ಎಸಿ ಸರ್ವೀಸಿನವನನ್ನು ಹಾಗೆಲ್ಲ ಹಿಡಿಯುವುದು ಸರಿ ಅಲ್ಲ" ಎಂದ ಅವನು, ತಿರುಗದೆ.

"ಬಿಡ್ಲಾ?"

"ಬಿದ್ದೀ. ಹಿಡ್ಕೋ."

ಅವಳು ಅವನ ಒದ್ದೆ ಬೆನ್ನಿಗೆ ಹಣೆ ಆನಿಸಿದಳು. ಆ ಬೆನ್ನು ಮುಂದಕ್ಕೆ ಸರಿಯಲಿಲ್ಲ. ಆ ಹಾಳು ಮಳೆಯಲ್ಲಿ ಅವಳಿಗೆ ಅಷ್ಟು ಸುಖವಾದದ್ದು ನಾಚಿಕೆಯ ವಿಷಯವೇ. ಕುಡುಪು ಕಳೆದ ಮೇಲೆ ಗದ್ದೆಗಳು ಕಾಣಿಸಿದವು, ಸುಖ ಅಲ್ಲಿಗೆ ಮುಗಿಯಿತು. ನಾಟಿಗೆ ಸಿದ್ಧವಿದ್ದ ನೇಜಿ ಸಸಿ ಎಲ್ಲಿತ್ತೆಂಬ ಗುರುತೂ ಉಳಿದಿರಲಿಲ್ಲ.

ಹೊಳೆ ಹರಿಯುವ ಹಾಗೆ ಕಾಣುತ್ತಿರಲಿಲ್ಲ. ಅದನ್ನು ಕಂಡೇ ಅವಳಿಗೆ ಹೆದರಿಕೆಯಾಯಿತು. ಅಣೆಕಟ್ಟಿನ ಹಿಂದೆ ನೀರು ದಂಡೆಯ ಅಂಚಿಗೆ ಒಂದು ಗೇಣು ಬಾಕಿ ಇಟ್ಟು, ದಪ್ಪಗೆ, ಕಂದು ಬಣ್ಣದಲ್ಲಿ ನಿಂತಿತ್ತು. ದಂಡೆಯ ಬುಡದಲ್ಲಿ ನೆಲ್ಲಿಬಾಯಿಯ ಮನೆ. ಎಪ್ಪತ್ತೆರಡರ ಆ ವಿಧವೆ ಹೋದ ತಿಂಗಳು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಮನೆಗೆ ಹೋಗುವ ದಾರಿಯಲ್ಲಿ ಎದೆಮಟ್ಟ ನೀರು ಸೆಳೆಯುತ್ತಿತ್ತು. ಹೊತ್ತು ತರುವ ಹಾಗಿರಲಿಲ್ಲ. ದಂಡೆ ಒಡೆದರೆ ಮೊದಲು ಹೋಗುವುದು ಆ ಮನೆ.

ಅಣೆಕಟ್ಟಿನ ಮೇಲಿನ ಕಿರಿದಾದ ಕಾಲುದಾರಿಯಲ್ಲಿ ಅವಳ ಅಪ್ಪ ಜಯ ಒಬ್ಬರೇ ಕಬ್ಬಿಣದ ಕೊಕ್ಕೆ ಹಿಡಿದು ಹಲಗೆ ಎಳೆಯುತ್ತಿದ್ದರು. ಒಟ್ಟು ಆರು ಕಿಂಡಿ, ಮೂರು ಮನೆಗೆ ಎರಡೆರಡು. ತಮ್ಮ ಎರಡನ್ನು ಆಗಲೇ ತೆರೆದಿದ್ದರು. ಈಗ ನೆಲ್ಲಿಬಾಯಿಯದಕ್ಕೆ ಕೈ ಹಾಕಿದ್ದರು.

"ಪಪ್ಪಾ, ಇವರು ಅಮೃತ್" ಎಂದಳು ಯಶ್ಮಿತಾ. ಹೆಸರು ಬಿಟ್ಟು ಮುಂದೇನೂ ಬಾಯಿಗೆ ಬರಲಿಲ್ಲ.

ಜಯ ಹುಡುಗನನ್ನು ಮೇಲಿಂದ ಕೆಳಗೆ ನೋಡಿದರು. ಬೆಂಗ್ರೆಯಿಂದ ಅವನ ಅಪ್ಪ ಹೇಳಿದ ಭರತದ ವಿಷಯ ಕೇಳಿದರು. ಕೇಳಿ, ಇನ್ನೊಂದು ಕೊಕ್ಕೆ ಅವನ ಕೈಗೆ ಕೊಟ್ಟರು. ಇಬ್ಬರೂ ಸೇರಿ ಅರ್ಧ ಗಂಟೆಯಲ್ಲಿ ನೆಲ್ಲಿಬಾಯಿಯ ಎರಡು ಕಿಂಡಿ ತೆರೆದರು. ನೀರು ಗುಡುಗುಟ್ಟುತ್ತ ಕೆಳಗೆ ನುಗ್ಗಿತು. "ಸಮುದ್ರದವನಾದ್ರೂ ಕೆಲಸ ಗೊತ್ತುಂಟು" ಎಂದರು ಜಯ, ಯಾರಿಗೂ ಅಲ್ಲದ ಹಾಗೆ.

ಉಳಿದದ್ದು ಮೂರನೆಯ ಮನೆಯ ಯೋಗೀಶನ ಎರಡು ಕಿಂಡಿ. ಅಲ್ಲಿಗೆ ಬಂದು ಜಯ ನಿಂತುಬಿಟ್ಟರು.

"ಹಾಕಿ ಅಂಕಲ್ ಕೊಕ್ಕೆ. ಹನ್ನೆರಡೂವರೆ ಆಯ್ತು" ಎಂದ ಅಮೃತ್.

ಜಯ ಕದಲಲಿಲ್ಲ. ಯಾಕೆಂದು ಯಶ್ಮಿತಾಳಿಗೆ ಗೊತ್ತಿತ್ತು. ಅಮೃತನಿಗೆ ಗೊತ್ತಿರಲಿಲ್ಲ.

ಆರು ವರ್ಷದ ಹಿಂದೆ ಇದೇ ರೀತಿ ಅಕಾಲದ ಮಳೆ ಬಂದಾಗ ಜಯ ಹೇಳದೆ ಕೇಳದೆ ಯೋಗೀಶನ ಹಲಗೆ ಎತ್ತಿದ್ದರು. ಮಾರನೆಯ ದಿನವೇ ಮಳೆ ನಿಂತಿತು, ಫೆಬ್ರವರಿಯಲ್ಲಿ ಯೋಗೀಶನ ಪೈರು ಒಣಗಿತು. ಜಗಳ ದೈವಸ್ಥಾನದವರೆಗೆ ಹೋಯಿತು. ಅಲ್ಲಿ ದೈವದ ಗಂಧ ಕೈಯಲ್ಲಿ ಹಿಡಿದು ಜಯ ಆಣೆ ಇಟ್ಟಿದ್ದರು: ಇನ್ನು ಆ ಕಿಂಡಿಯನ್ನು ನಾನಾಗಲಿ ನನ್ನ ಮನೆಯವರಾಗಲಿ ಮುಟ್ಟುವುದಿಲ್ಲ, ಮುಟ್ಟಿದರೆ ಅದರ ಫಲ ನನ್ನ ಮಗಳಿಗೆ ತಟ್ಟಲಿ. ಕೋಪದಲ್ಲಿ ಬಾಯಿಂದ ಬಂದ ಮಾತು. ಮನೆಗೆ ಬಂದು ಆ ದಿನ ಅವರು ಊಟ ಮಾಡಿರಲಿಲ್ಲ.

ಯೋಗೀಶನ ಸಂಸಾರ ಮದುವೆಗೆಂದು ಮುಂಬೈಗೆ ಹೋಗಿತ್ತು. ಯಶ್ಮಿತಾ ಅವನಿಗೆ ಎಂಟು ಸಲ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಪೇಟೆಯಿಂದ ಜನ ಕರೆದು ತರುವಷ್ಟು ಹೊತ್ತಿರಲಿಲ್ಲ.

ಅಷ್ಟರಲ್ಲಿ ಗುಡುಗುತ್ತಿದ್ದ ನಾಲ್ಕು ಕಿಂಡಿಗಳ ಸದ್ದು ಸಣ್ಣದಾಯಿತು. ಕೆಳಗೆ ಓಡುತ್ತಿದ್ದ ನೊರೆ ನಿಧಾನವಾಗಿ, ಒಂದು ಕಡೆ ನಿಂತು, ಸುತ್ತತೊಡಗಿತು. ಸಮುದ್ರ ಒಳಗೆ ಬರುತ್ತಿತ್ತು. ನೆಲ್ಲಿಬಾಯಿಯ ಕಿಟಕಿಯಿಂದ "ಜಯಾ, ಒಳಗೆ ನೀರು ಬಂತು ಮಾರಾಯ" ಎಂಬ ಕೂಗು ಕೇಳಿಸಿತು.

ಜಯ ಮಗಳ ಕಡೆ ತಿರುಗಿದರು. ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಯಶ್ಮೀ, ಸತ್ಯ ಹೇಳು. ಈ ಹುಡುಗ ನಮಗೆ ಯಾರು?"

ಎರಡು ವರ್ಷದಿಂದ ಅವಳು ಕಾಯುತ್ತಿದ್ದ ಪ್ರಶ್ನೆ ಅದು. ಯಾವ ಸೀರೆ ಉಟ್ಟು, ಯಾವ ಮಾತಿನಲ್ಲಿ ಉತ್ತರಿಸಬೇಕೆಂದು ಎಷ್ಟು ಸಲ ಯೋಚಿಸಿದ್ದಳೋ. ಅವನೂ ಕಾಯುತ್ತಿದ್ದ. ಕೊಕ್ಕೆ ಹಿಡಿದ ಕೈ ಹಾಗೇ ನಿಂತಿತ್ತು, ಕಣ್ಣು ಅವಳ ತುಟಿಯ ಮೇಲಿತ್ತು. ನಮ್ಮವನು ಎಂದರೆ ಅವನು ಮನೆಯವನಾಗುತ್ತಾನೆ, ಆಣೆ ಅವನನ್ನೂ ಕಟ್ಟುತ್ತದೆ. ಸುಳ್ಳು ಯಾಕೆಂದು ಅವನಿಗೆ ವಿವರಿಸಿದರೆ, ವಿವರಿಸಿದ್ದೇ ಅವನು ತನ್ನವನೆಂದು ಒಪ್ಪಿಕೊಂಡ ಹಾಗೆ.

"ಯಾರೂ ಅಲ್ಲ ಪಪ್ಪ. ಆಫೀಸಿಗೆ ಎಸಿ ಸರ್ವೀಸಿಗೆ ಬರುವವ."

ಅವನ ಮುಖದಲ್ಲಿ ಏನೋ ಆರಿಹೋದದ್ದನ್ನು ಅವಳು ಕಂಡಳು. ಕಂಡೂ ಬಾಯಿ ಮುಚ್ಚಿಕೊಂಡಳು.

"ಹೌದು ಅಂಕಲ್. ನಾನು ಯಾರೂ ಅಲ್ಲ" ಎಂದ ಅಮೃತ್. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇನ್ನೊಂದು ತುದಿಯನ್ನು ಅವಳ ಕೈಗೆ ಕೊಟ್ಟ, ಮುಖ ನೋಡದೆ. ಕೊಕ್ಕೆ ಹಾಕಿದ.

ಮೊದಲ ಕಿಂಡಿಯ ಹಲಗೆಗಳು ಬಂದವು. ಎರಡನೆಯದರದು ನೀರು ಕುಡಿದು ಉಬ್ಬಿ ಕಚ್ಚಿಕೊಂಡಿದ್ದವು. ಅವನು ಅಂಚಿಗೆ ಬಗ್ಗಿ ಒಂದೊಂದಾಗಿ ಕಿತ್ತ. ಕಾಲುದಾರಿ ಅದುರುತ್ತಿತ್ತು. ಕೊನೆಯ ಹಲಗೆ ಒಮ್ಮೆಲೇ ಚಿಮ್ಮಿ ಬಂದು ಅವನ ಭುಜಕ್ಕೆ ಬಡಿಯಿತು. ಮರುಕ್ಷಣ ಅವನು ಅಲ್ಲಿರಲಿಲ್ಲ.

ಹಗ್ಗ ಅವಳ ಅಂಗೈಯ ಚರ್ಮ ಸುಲಿದುಕೊಂಡು ಓಡಿತು. ಅವಳು ಬಿಡಲಿಲ್ಲ. ಅರಚಿದಳೋ ಇಲ್ಲವೋ ಅವಳಿಗೆ ತಿಳಿಯದು. ಅಪ್ಪ ಹಿಂದಿನಿಂದ ಬಂದು ಹಗ್ಗಕ್ಕೆ ಬಿದ್ದರು. ಹೊಳೆ ಅವನನ್ನು ಎರಡು ಸಲ ಒಳಗೆಳೆದು ಎರಡು ಸಲ ಬಿಟ್ಟಿತು. ಮೂರನೆಯ ಸಲ ಒಂದು ಕೈ ಕಲ್ಲಿಗೆ ಸಿಕ್ಕಿತು.

ದಂಡೆಯ ಮೇಲೆ ಅವನು ಕೆಮ್ಮಿ ಕೆಮ್ಮಿ ಹೊಳೆಯ ಕೆಸರು ನೀರು ಕಾರಿದ. ಎಡಗೈ ನೇತಾಡುತ್ತಿತ್ತು. ಅವಳು ಅಪ್ಪನೆದುರೇ ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಆರು ಕಿಂಡಿಯೂ ತೆರೆದು ಹಿಂದಿನ ನೀರು ಒಂದು ಗೇಣು ಇಳಿಯಿತು, ಇನ್ನೂ ಸ್ವಲ್ಪ ಇಳಿಯಿತು. ಆಮೇಲೆ ಭರತ ಬಂದು ಹೊಳೆ ನಿಂತೇ ಹೋಯಿತು. ದಂಡೆಯೂ ನಿಂತಿತು. ನೆಲ್ಲಿಬಾಯಿ ಹಾಸಿಗೆಯಲ್ಲೇ ಜಪಸರ ಹಿಡಿದು ಗಟ್ಟಿಯಾಗಿ ಪ್ರಾರ್ಥಿಸುವುದು ಕಿಟಕಿಯಿಂದ ಕೇಳಿಸುತ್ತಿತ್ತು.

"ಬಿಡು" ಎಂದ ಅಮೃತ್ ಮೆಲ್ಲಗೆ. "ನಿನ್ನ ಪಪ್ಪ ನೋಡ್ತಾ ಇದ್ದಾರೆ."

"ನೋಡ್ಲಿ. ನಾನು ಹೇಳಿದ್ದು ಸುಳ್ಳು." ಅಳುತ್ತಲೇ ಅವಳು ಆಣೆಯ ಕಥೆಯನ್ನೆಲ್ಲ ಹೇಳಿದಳು. "ನೀನು ನನಗೆ ಯಾರೂ ಅಲ್ಲದಿದ್ದರೆ ಮಾತ್ರ ಆ ಕಿಂಡಿ ಮುಟ್ಟಬಹುದಿತ್ತು. ಅದಕ್ಕೆ ಹಾಗೆ ಹೇಳಿದೆ. ಬಲ್ಮಠದಲ್ಲಿ ಹೇಳಿದ್ದು ಹೆದರಿಕೆಗೆ. ಅದು ನನ್ನ ತಪ್ಪು. ಇದು ತಪ್ಪಲ್ಲ."

ಅವನು ಅವಳನ್ನೇ ನೋಡಿದ. ಮಳೆ ಅವನ ಕಣ್ಣೊಳಗೆ ಬೀಳುತ್ತಿತ್ತು, ರೆಪ್ಪೆ ಮುಚ್ಚಲಿಲ್ಲ. ಆಮೇಲೆ ಒಳ್ಳೆಯ ಕೈಯಿಂದ ಅವಳ ಸುಲಿದ ಅಂಗೈ ಹಿಡಿದುಕೊಂಡ.

"ಹಾಗಾದರೆ ಸುಳ್ಳು ಸುಳ್ಳಾಗಿಯೇ ಇರುವುದು ಬೇಡ" ಎಂದ. "ಅದನ್ನೇ ಸತ್ಯ ಮಾಡುವ. ನಾನು ಯಾರೂ ಅಲ್ಲ. ಸ್ಕೂಟರ್ ಹತ್ತಿ ಹೋಗ್ತೇನೆ. ನನ್ನಿಂದ ನಿನಗೆ ಏನಾದ್ರೂ ಆದರೆ ನಾನು ಬದುಕುವುದು ಹೇಗೆ?"

"ಆಗ್ಲಿ. ಆಗುವುದು ನನಗೆ ತಾನೇ? ನನ್ನನ್ನು ಕೇಳದೆ ಆಣೆ ಇಟ್ಟದ್ದು ಒಬ್ಬರು, ನನ್ನನ್ನು ಕೇಳದೆ ಬಿಟ್ಟು ಹೋಗ್ಲಿಕ್ಕೆ ಇನ್ನೊಬ್ಬನಾ? ನಾನು ಬಿಡುವುದಿಲ್ಲ."

ಆ ಮಾತು ಜಯರಿಗೆ ತಾಗಿತು. ಅವರು ಅಣೆಕಟ್ಟಿನ ಕಡೆ ನೋಡುತ್ತ ನಿಂತಿದ್ದರು. ನೀರಿನ ಮೇಲೆ ಯೋಗೀಶನ ಹಲಗೆಗಳು ತೇಲುತ್ತಿದ್ದವು. ಪಶ್ಚಿಮದಲ್ಲಿ ಮೋಡ ಇನ್ನೊಮ್ಮೆ ಕಪ್ಪಾಗುತ್ತಿತ್ತು. ಸಂಜೆಗೆ ಇನ್ನೂ ದೊಡ್ಡ ಮಳೆ ಉಂಟೆಂದು ನೋಡಿದವರಿಗೆಲ್ಲ ಗೊತ್ತಾಗುವ ಹಾಗಿತ್ತು.

"ನೀನು ಯಾರೂ ಅಲ್ಲ ಅಂತ ಅವಳು ಹೇಳುವಾಗಲೇ ನನಗೆ ತಿಳಿದಿತ್ತು" ಎಂದರು ಅವರು. "ಹೆತ್ತವನಿಗೆ ತಿಳಿಯದಾ? ತಿಳಿದೂ ಕೊಕ್ಕೆ ನಿನ್ನ ಕೈಯಲ್ಲಿ ಬಿಟ್ಟೆ. ಸುಳ್ಳು ಮೂರು ಜನರದ್ದೂ ಹೌದು, ದೊಡ್ಡದು ನನ್ನದು."

ಅವರು ಬಂದು ಹುಡುಗನ ಪಕ್ಕ ಕೆಸರಿನಲ್ಲೇ ಕುಕ್ಕರಗಾಲಲ್ಲಿ ಕೂತರು. ತಲೆಯ ಮುಂಡಾಸು ಬಿಚ್ಚಿ ಅವನ ಜೋತ ಕೈಯನ್ನು ಎದೆಗೆ ಸೇರಿಸಿ ಕಟ್ಟಿದರು.

"ನಿನ್ನ ಅಪ್ಪನ ಹೆಸರು ಎಂತ ಮಗಾ?"

"ಪೂವಪ್ಪ. ಯಾಕೆ ಅಂಕಲ್?"

"ನಾಳೆ ದೈವದ ಮುಂದೆ ನಿಂತು ಹೇಳ್ಲಿಕ್ಕೆ ಬೇಕು. ಬೆಂಗ್ರೆಯ ಪೂವಪ್ಪನ ಮಗ ಆ ಕಿಂಡಿ ಮುಟ್ಟಿದ, ಅವ ನಮ್ಮ ಮನೆಯವ, ಆಣೆ ತಪ್ಪಿದ್ದು ನಾನು, ಫಲ ನನಗೆ ಕೊಡು, ಮಕ್ಕಳಿಗೆ ಬೇಡ ಅಂತ." ಗಂಟನ್ನು ಎರಡು ಸಲ ಬಿಗಿದು ನೋಡಿದರು. "ಹೆಸರು ತಪ್ಪು ಹೇಳಬಾರದಲ್ಲ."