ಜುನಿಲ್ದಜ್ಜಿಯ ಅದೃಷ್ಟ

ಕಳೆದ ವರ್ಷದ ಬಹುಮಾನ ಮಾಂಸದಂಗಡಿಯ ಬಾಲ್ಡೊಮೆರೊನ ಪಾಲಾಯಿತು. ವಾಲ್ಪರೈಸೊದಲ್ಲಿ ಮೂರು ರಾತ್ರಿ, ಗುಡ್ಡದ ಮೇಲಿನ ಹೋಟೆಲು, ಕಿಟಕಿ ತೆರೆದರೆ ಬಂದರು. ಅದರ ಜೊತೆಗೆ ಅಲ್ಲೇ ಹತ್ತಿರದ ಕಾಸಾಬ್ಲಾಂಕಾ ಕಣಿವೆಯ ವೈನ್ ತೋಟಗಳಲ್ಲಿ ಇಡೀ ಒಂದು ದಿನ. ಅಷ್ಟನ್ನೂ ಅನುಭವಿಸಿ ಬಂದ ಪುಣ್ಯಾತ್ಮ ಊರಿಗೆ ಕೊಟ್ಟ ವರದಿ ಇಷ್ಟೇ: "ಬರೀ ಮೆಟ್ಟಿಲು ಕಣಕ್ಕಾ. ಮಂಡಿ ಬಿದ್ದೋಯ್ತು. ಸಮುದ್ರ ಅಂದ್ರೇನು, ನೀರು ತಾನೇ?" ವೈನ್ ಕಣಿವೆಯಲ್ಲಿ ಅವನು ಬಿಯರ್ ಕೇಳಿದನಂತೆ. ಅದನ್ನು ಕೇಳಿ ಕ್ಲೋರಿಂದಾ ಅವೆಂದಾನ್ಯೊಗೆ ಮೈಯೆಲ್ಲ ಉರಿಯಿತು.

ಉರಿಯದೇ ಇನ್ನೇನು? ಕೊಯ್ವಾಕೊ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ ಸಹಾಯಾರ್ಥವಾಗಿ ವರ್ಷವರ್ಷವೂ ಅದೃಷ್ಟದ ಚೀಟಿ ನಡೆಸುವವಳು ಅವಳು. ಬಸ್ ಮಾಲೀಕನ ಮುಂದೆ ಹಲ್ಲುಗಿಂಜಿ ಬಹುಮಾನ ಗಿಟ್ಟಿಸುವವಳು, ಹಿಮ ಬೀಳುವ ಚಳಿಯಲ್ಲಿ ಮನೆಮನೆಯ ಬಾಗಿಲು ತಟ್ಟಿ ಚೀಟಿ ಮಾರುವವಳು, ಕೊನೆಗೆ ಯಾವನೋ ಗೆದ್ದಾಗ ನಗುನಗುತ್ತ ಚಪ್ಪಾಳೆ ತಟ್ಟುವವಳು ಅವಳು. ಅರವತ್ತು ದಾಟಿದರೂ ಸಮುದ್ರವನ್ನು ಕಂಡದ್ದು ಔಷಧಿ ಅಂಗಡಿಯ ಕ್ಯಾಲೆಂಡರಿನಲ್ಲಿ ಮಾತ್ರ. ಈ ವರ್ಷವೂ ಅದೇ ಬಹುಮಾನ, ಅದೂ ಇಬ್ಬರಿಗೆ ಎಂದು ಗೊತ್ತಾದ ದಿನವೇ ತೀರ್ಮಾನಿಸಿಬಿಟ್ಟಳು, ಈ ಸಲ ಹೋಗುವವಳು ತಾನು ಎಂದು.

ಮೋಸದ ಯೋಜನೆಗಿಂತ ಮೊದಲು ಪ್ರವಾಸದ ಯೋಜನೆ ತಯಾರಾಯಿತು. ಅಡುಗೆಮನೆಯ ಕಪಾಟಿನ ಬಾಗಿಲ ಒಳಮೈಗೆ ವಾಲ್ಪರೈಸೊದ ನಕ್ಷೆ ಅಂಟಿತು. ಹಳೆಯ ಮರದ ಲಿಫ್ಟಿನಲ್ಲಿ ಕಿರ್ರೆನ್ನುತ್ತ ಗುಡ್ಡ ಹತ್ತುವುದು, ಇಳಿಯುವಾಗ ಬಣ್ಣಬಣ್ಣದ ಗೋಡೆಗಳ ಓಣಿಯಲ್ಲಿ ನಡೆದೇ ಬರುವುದು. ಮಧ್ಯಾಹ್ನ ಮಣ್ಣಿನ ಬಟ್ಟಲಲ್ಲಿ ಕುದಿಕುದಿಯುವ ಮೀನು, ಚಿಪ್ಪುಗಳ ಸಾರು. ಮರುದಿನ ಬೆಳಗಿನ ಮಂಜು ಕರಗುವ ಮೊದಲೇ ಕಾಸಾಬ್ಲಾಂಕಾದಲ್ಲಿರಬೇಕು. ಬಿಳಿ ವೈನ್ ಮೊದಲು, ಕೆಂಪು ಆಮೇಲೆ. ಲೋಟ ತಿರುಗಿಸಿ, ಮೂಸಿ, ಕಣ್ಣು ಮುಚ್ಚಿ ಒಂದೇ ಗುಟುಕು. ಇದನ್ನು ಅವಳು ಕನ್ನಡಿಯ ಮುಂದೆ ನಲ್ಲಿ ನೀರಿನಲ್ಲೇ ಅಭ್ಯಾಸ ಮಾಡಿದಳು. "ಹೂಂ, ನಿಂಬೆಯ ಪರಿಮಳ ಇದೆ," ಎಂದು ನಲ್ಲಿ ನೀರಿಗೆ ಸರ್ಟಿಫಿಕೇಟು ಕೊಟ್ಟು, ಒಬ್ಬಳೇ ಬಿದ್ದು ಬಿದ್ದು ನಕ್ಕಳು.

ತನ್ನ ಹೆಸರಿಗೇ ಬಹುಮಾನ ಬಂದರೆ ಊರು ಸುಮ್ಮನಿರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದ್ದರಿಂದ ಪಕ್ಕದ ಮನೆಯ ಜುನಿಲ್ದಜ್ಜಿ. ಎಂಬತ್ತು ದಾಟಿದ ಜೀವ, ಕೈಯಲ್ಲಿ ಸದಾ ಜಪಮಾಲೆ. ಅವಳು ಗೆದ್ದರೆ ಹೊಟ್ಟೆಕಿಚ್ಚುಪಡುವ ಪಾಪಿ ಊರಲ್ಲೇ ಇಲ್ಲ. ಕ್ಲೋರಿಂದಾ ಅವಳಿಗೆ ಇನ್ನೂರ ಏಳನೆಯ ನಂಬರಿನ ಚೀಟಿ ಮಾರಿದಳು.

"ಗೆದ್ರೂ ನನ್ನನ್ನ ಯಾರು ಕರ್ಕೊಂಡು ಹೋಗ್ತಾರೆ ಮಗಾ? ಬಸ್ ಹತ್ತಿದ್ರೆ ವಾಂತಿ."

"ನಾನಿಲ್ವಾ ಅಜ್ಜಿ? ನಿಂಬೆಹಣ್ಣು ಹಿಡ್ಕೊಂಡು ಪಕ್ಕದಲ್ಲೇ ಕೂತಿರ್ತೀನಿ."

"ಸಮುದ್ರಕ್ಕೆ ಕಾಲು ಅದ್ದಿಸ್ತೀಯಾ?"

"ಮಂಡಿ ತನಕ ಅದ್ದಿಸ್ತೀನಿ ಬಾ."

ಅಜ್ಜಿಯ ಮುಖ ಅರಳಿತು. ಇದು ಮೋಸವಲ್ಲ, ಪುಣ್ಯದ ಕೆಲಸ ಎಂದು ಕ್ಲೋರಿಂದಾಗೆ ಅಂದೇ ಖಾತ್ರಿಯಾಯಿತು.

ಇನ್ನು ಉಪಾಯ. ಕಚ್ಚಾ ಕಳ್ಳರಾದರೆ ಒಂದು ಚೀಟಿಗೆ ಗುರುತು ಮಾಡಿ, ಎತ್ತುವವನ ಕೈಗೆ ಲಂಚ ಕೊಡುತ್ತಿದ್ದರು. ಆದರೆ ಎತ್ತುವವನು ದಳದ ಕ್ಯಾಪ್ಟನ್ ಹೆರಿಬೆರ್ಟೊ. ಅಂಗಡಿಯವನು ಚಿಲ್ಲರೆ ಹೆಚ್ಚು ಕೊಟ್ಟರೆ ಮಳೆಯಲ್ಲಿ ವಾಪಸು ಬಂದು ಕೊಟ್ಟುಹೋಗುವ ಆಸಾಮಿ. ಅಂಥವನ ಕೈಯ ಹಂಗು ಅವಳಿಗೆ ಬೇಕೇ ಇರಲಿಲ್ಲ. ಎತ್ತುವ ದಿನ ಪೀಪಾಯಿಯೊಳಗೆ ಹಾಕಿ ತಿರುಗಿಸುವ ನಂಬರಿನ ಚೀಟಿಗಳೆಲ್ಲ ಅವಳ ಮನೆಯಲ್ಲೇ ಇದ್ದವು. ಅವಷ್ಟನ್ನೂ ಒಲೆಗೆ ಹಾಕಿ, ಆ ಉರಿಯಲ್ಲೇ ಮಾಂಸದ ಕಡುಬಿನಂಥ ಎಂಪನಾಡ ಬೇಯಿಸಿ ತಿಂದಳು. ಹೊಸದಾಗಿ ಬರೆದು ಮಡಿಚಿಟ್ಟ ಚೀಟಿಗಳಲ್ಲಿ ಇದ್ದದ್ದು ಒಂದೇ ನಂಬರು, ಇನ್ನೂರ ಏಳು. ಕ್ಯಾಪ್ಟನ್ ಎಡಗೈ ಹಾಕಲಿ, ಬಲಗೈ ಹಾಕಲಿ, ಕಣ್ಣು ಮುಚ್ಚಲಿ, ದೇವರನ್ನು ನೆನೆಯಲಿ. ಬರುವುದು ಅಜ್ಜಿಯೇ.

ಚಹಾ ಹೀರುತ್ತ ಅವಳು ಹುಳುಕಿಗಾಗಿ ಹುಡುಕಿದಳು. ಶಾಯಿ ಅದೇ, ಮೊಹರು ಅದೇ, ಮಡಿಕೆಯೂ ಅದೇ. ಪೀಪಾಯಿಯ ಬೀಗದ ಕೈ ತನ್ನ ಕೊರಳಲ್ಲಿ. ಬಹುಮಾನ ಘೋಷಣೆಯಾದ ಕೂಡಲೇ ಮಿಕ್ಕ ಚೀಟಿಗಳನ್ನು ಅಂದಿನ ಊಟಕ್ಕೆ ಮಾಂಸ ಸುಡುವ ಕೆಂಡಕ್ಕೆ ಸುರಿಯುವುದು ಪ್ರತಿ ವರ್ಷದ ಪದ್ಧತಿ, ಸುರಿಯುವವಳೂ ತಾನೇ. ಎಲ್ಲಿಯೂ ಒಂದು ಬಿರುಕಿಲ್ಲ. ಖುಷಿ ತಡೆಯಲಾರದೆ ಸಮುದ್ರದ ಗಾಳಿಗೆಂದು ಒಂದು ನೀಲಿ ಸ್ಕಾರ್ಫನ್ನೂ ಕೊಂಡಳು.

ಚೀಟಿ ಮಾರಾಟದ ಕೊನೆಯ ದಿನ ಬಾಲ್ಡೊಮೆರೊ ಕೂಡ ಕೈಚಾಚಿದ. "ಕೊಡಕ್ಕಾ ಒಂದು. ಹೇಗೂ ಈ ಸಲ ನಂದು ನೀರಿಗೇ."

"ಬಿಡ್ತು ಅನ್ನು ಮಾರಾಯ," ಎಂದಳು ಕ್ಲೋರಿಂದಾ, ಮನಸ್ಸಿನಲ್ಲೇ ಕುಣಿಯುತ್ತ.

ಭಾನುವಾರ ಮಧ್ಯಾಹ್ನ ದಳದ ಅಂಗಳದಲ್ಲಿ ಊರಿಗೆ ಊರೇ ಸೇರಿತು. ಕ್ಲೋರಿಂದಾ ಎಂದಿನಂತೆ ಎಲ್ಲವನ್ನೂ ಅಣಿಮಾಡಿದ್ದಳು. ಮೇಜಿನ ಮೇಲೆ ಪೀಪಾಯಿ, ಪಕ್ಕದಲ್ಲಿ ದಳದ ಕೆಂಪು ಬಕೆಟ್ಟು, ಅದರ ತುಂಬ ಅವಳೇ ಹಿಡಿದು ತಂದ ನೀರು. ಅಜ್ಜಿಯನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ಮೊಣಕಾಲಿಗೆ ಕಂಬಳಿ ಹೊದಿಸಿದಳು. ಕ್ಯಾಪ್ಟನ್ ಪೀಪಾಯಿ ತಿರುಗಿಸಿ, ಅಂಗಿಯ ತೋಳು ಮಡಿಚಿ, ಖಾಲಿ ಅಂಗೈಯನ್ನು ಎಲ್ಲರಿಗೂ ತೋರಿಸಿ, ಕೈ ಒಳಗಿಟ್ಟ.

"ಇನ್ನೂರ ಏಳು."

"ನಂದು ಕಣೇ," ಎಂದು ಅಜ್ಜಿ ಅವಳ ಕೈ ಹಿಡಿದಳು. ಕ್ಲೋರಿಂದಾಗೆ ಕಿವಿಯಲ್ಲಿ ಅಲೆಗಳು ಮೊರೆದವು, ಮೂಗಿಗೆ ನಿಂಬೆಯ ಪರಿಮಳ ಬಡಿಯಿತು. ಅಷ್ಟರಲ್ಲಿ ಇಡೀ ಅಂಗಳ ಒಂದೇ ದನಿಯಲ್ಲಿ "ನೀರಿಗೆ" ಎಂದು ಕೂಗಿತು. ಎಲ್ಲರಿಗಿಂತ ಜೋರಾಗಿ ಕೂಗಿದ್ದು, ವರ್ಷಗಳ ರೂಢಿಯಂತೆ, ಅವಳ ಬಾಯಿಯೇ.

ಕೊಯ್ವಾಕೊದಲ್ಲಿ ಮೊದಲು ಎತ್ತಿದ ಎರಡು ಚೀಟಿಗಳು ನೀರಿನ ಪಾಲು, ಬಹುಮಾನ ಮೂರನೆಯದಕ್ಕೆ. ಜನ ಉಸಿರು ಬಿಗಿಹಿಡಿಯಲಿ ಎಂದು ಅಜ್ಜಂದಿರು ಮಾಡಿಟ್ಟ ಪದ್ಧತಿ. ಬಾಗಿಲಿಗೆ ಚಿಲಕ ಹಾಕಿದಷ್ಟು ಸಹಜವಾಗಿ ಅವಳು ಅದನ್ನು ಕೂಗುತ್ತ ಬಂದಿದ್ದಳು. ಸಹಜವಾದ್ದರಿಂದಲೇ ಅದು ಯೋಜನೆಯಲ್ಲಿ ಒಮ್ಮೆಯೂ ನೆನಪಾಗಿರಲಿಲ್ಲ. ಕ್ಯಾಪ್ಟನ್ ಚೀಟಿಯನ್ನು ಬಕೆಟ್ಟಿಗೆ ಬಿಟ್ಟ. ಅದು ಮೆಲ್ಲನೆ ಅರಳಿ, ನಂಬರು ಮೇಲೆ ಮಾಡಿ ತೇಲತೊಡಗಿತು. "ಹೋಯ್ತಲ್ಲ ಮಗಾ, ನಮ್ಮ ಸಮುದ್ರ," ಎಂದಳು ಅಜ್ಜಿ. ಕ್ಲೋರಿಂದಾ ಮೇಜಿನ ಕಡೆ ಹೆಜ್ಜೆಯಿಡುವಷ್ಟರಲ್ಲಿ ಎರಡನೆಯ ಚೀಟಿ ಕ್ಯಾಪ್ಟನ್ನನ ಕೈಯಲ್ಲಿತ್ತು. ಅವನು ಬಿಡಿಸಿ ನೋಡಿದ, ಓದಲು ಬಾಯಿ ತೆರೆದ, ಮುಚ್ಚಿದ. ಬಕೆಟ್ಟಿನೊಳಗೆ ಬಗ್ಗಿ ನೋಡಿದ. ಮತ್ತೆ ಕೈಯಲ್ಲಿದ್ದದ್ದನ್ನು ನೋಡಿದ. ಆಮೇಲೆ ತಲೆಯೆತ್ತಿ, ಅವಳ ಕೊರಳಿನ ನೀಲಿ ಸ್ಕಾರ್ಫಿನ ಮೇಲೆ ತೂಗುತ್ತಿದ್ದ ಬೀಗದ ಕೈಯನ್ನೇ ದಿಟ್ಟಿಸಿದ. "ಓದಿ ಕ್ಯಾಪ್ಟನ್ರೇ," ಎಂದು ಹಿಂದಿನಿಂದ ಬಾಲ್ಡೊಮೆರೊ ಕೂಗಿದ, "ಈಗ ಯಾರು ನೀರಿಗೆ?"